ಅಲಮಾರಿಯೊಳಗಿನ ಹ್ಯಾಲೋಬಿ

ಹರಾಜು ಕೂಗುವ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಮೊದಲ ಬುದ್ಧಿಮಾತು: ಗಂಟಲು ಕಾಪಾಡಿಕೊಳ್ಳಿ. ಸುತ್ತಿಗೆ ಮುರಿದರೆ ಬಡಗಿ ಇನ್ನೊಂದು ಮಾಡಿಕೊಡುತ್ತಾನೆ. ಗಂಟಲು ಹೋದರೆ ಅಲಮಾರಿ ಬೇಕಾಗುತ್ತದೆ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಈಗ ಹರಾಜೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ನಡೆಯುತ್ತದಂತೆ. ಮೊಮ್ಮಗ ಒಂದನ್ನು ತೋರಿಸಿದ. ಅಂಕಿಗಳು ಇರುವೆ ಸಾಲಿನಂತೆ ಮೇಲೆ ಹರಿದವು, ನಿಂತವು, ಮುಗಿಯಿತು. ಯಾರೂ ಕೆಮ್ಮಲಿಲ್ಲ, ಯಾರೂ ಯಾರನ್ನೂ ದುರುಗುಟ್ಟಿ ನೋಡಲಿಲ್ಲ. "ಕೂಗುವವನು ಎಲ್ಲಿ?" ಎಂದೆ. "ಸೌಂಡೇ ವೇಣಾಮ್ ತಾತಾ" ಎಂದ. ಸದ್ದೇ ಬೇಡವಂತೆ! ಇಡೀ ಜೀವನ ಸದ್ದನ್ನೇ ಮಾರಿ ಉಂಡವನಿಗೆ ಹೀಗೆ ಹೇಳುವುದೆಂದರೆ ಇಡ್ಲಿ ಭಟ್ಟನಿಗೆ ಆವಿ ಬೇಡ ಎಂದ ಹಾಗೆ.

ನಾನು ಹುಟ್ಟಿದ್ದು ಕುಂದಾಪುರದ ಕಡೆ. ಬೆಳೆದದ್ದು ಮದರಾಸಿನ ತ್ರಿಪ್ಲಿಕೇನಿನಲ್ಲಿ, ಒಂದು ಹೋಟೆಲಿನ ಹಿತ್ತಲ ಕೋಣೆಯಲ್ಲಿ. ಅಪ್ಪಯ್ಯ ಅಲ್ಲಿ ದೋಸೆ ಕಲ್ಲಿನ ಮುಂದೆ ನಿಂತವರು. ನನಗೆ ಹುಟ್ಟಿನಿಂದ ಬಂದ ಆಸ್ತಿ ಒಂದೇ, ಕಂಡವರ ಹಾಗೆ ಮಾತಾಡುವುದು. ಸಪ್ಲೈಯರ್ ದನಿಯಲ್ಲಿ ನಾಲ್ಕು ರವೆ ದೋಸೆ ಕೂಗಿಬಿಟ್ಟು ಓಡುತ್ತಿದ್ದೆ. ಲೆಕ್ಕದ ಮೇಷ್ಟ್ರ ದನಿಯಲ್ಲಿ ಮೇಷ್ಟ್ರಿಗೇ ಬೈದಿದ್ದೆ. ಹಾಗಾದರೆ ನಿನ್ನ ಸ್ವಂತ ದನಿ ಯಾವುದು ಎಂದು ನೀವು ಕೇಳಬಹುದು. ಹುಡುಕುತ್ತಿದ್ದೇನೆ. ಸಿಕ್ಕಿದರೆ ತಿಳಿಸುತ್ತೇನೆ.

ಐವತ್ತರ ದಶಕದಲ್ಲಿ ಬಿಳಿಯರು ಗಂಟುಮೂಟೆ ಕಟ್ಟಿ ಹೊರಡುತ್ತಿದ್ದರು. ಗಂಟಿಗೆ ಹಿಡಿಸದ್ದೆಲ್ಲ ನಮ್ಮ ಹರಾಜು ಮನೆಗೆ ಬರುತ್ತಿತ್ತು. ಮೌಂಟ್ ರೋಡಿನಿಂದ ಒಂದು ಗಲ್ಲಿ ಒಳಕ್ಕೆ ಹೋದರೆ ತಗಡಿನ ಮಾಡಿನ ಹಳೆಯ ಗೋದಾಮು. ಪಿಯಾನೊ, ಜಿಂಕೆ ತಲೆ, ಮಕ್ಕಳ ಮರದ ಕುದುರೆ, ಹಲ್ಲು ಮುರಿದ ಹುಲಿ. ಅಲ್ಲಿ ನನಗೆ ಗುಮಾಸ್ತನ ಕೆಲಸ ಸಿಕ್ಕಿತು. ಯಜಮಾನರು ಮುದಲಿಯಾರ್, ಬಿಳಿಯ ಜುಬ್ಬಾ, ಬಿಳಿಯ ಕೂದಲು, ಕಪ್ಪು ಕೋಪ. ಆದರೆ ಪೀಠದ ಮೇಲೆ ನಿಂತು ಕೂಗುತ್ತಿದ್ದವರು ಹಾರ್ಟ್ಲಿ ಎಂಬ ಇಂಗ್ಲಿಷರು. ನಾವೆಲ್ಲ ದೊರೆ ಎನ್ನುತ್ತಿದ್ದೆವು. ದೊರೆಗಿರಿ ಏನೂ ಇರಲಿಲ್ಲ, ಪಾಪ. ಮದುವೆಯಾಗಿರಲಿಲ್ಲ. ತಾಂಬರಂನಲ್ಲಿ ಒಂದು ಕೋಣೆ ಮಾಡಿಕೊಂಡು, ದಿನಾ ಎಲೆಕ್ಟ್ರಿಕ್ ರೈಲಿನಲ್ಲಿ ನಮ್ಮವರ ಜೊತೆ ಜೋತಾಡಿಕೊಂಡೇ ಬರುತ್ತಿದ್ದರು.

ಅವರನ್ನು ಇಟ್ಟುಕೊಂಡದ್ದಕ್ಕೆ ಮುದಲಿಯಾರರ ಕಾರಣ ಸರಳ. ಸ್ವಾತಂತ್ರ್ಯ ಬಂದಿದ್ದರೂ ನಮ್ಮ ಕಿವಿಗಳಿಗೆ ಇನ್ನೂ ಬಂದಿರಲಿಲ್ಲ. "ಈ ಫ್ಯಾನು ಚೆನ್ನಾಗಿ ಓಡುತ್ತದೆ" ಎಂದು ದೊರೆ ಇಂಗ್ಲಿಷಿನಲ್ಲಿ ಹೇಳಿದರೆ ಅದು ಓಡುವ ಫ್ಯಾನು. ನಾನು ಹೇಳಿದರೆ ಅದೇ ಫ್ಯಾನು, "ಏನೋ ದೋಷ ಇರಬೇಕು."

ಕೆಲಸಕ್ಕೆ ಸೇರಿದ ಹೊಸತರಲ್ಲೇ ಸಿಕ್ಕಿಬಿದ್ದೆ. ಮಧ್ಯಾಹ್ನ ದೊರೆಯ ಪೀಠ ಹತ್ತಿ, ಅವರ ದನಿಯಲ್ಲಿ ಜವಾನನ ಊಟದ ಡಬ್ಬಿ ಹರಾಜು ಹಾಕುತ್ತಿದ್ದೆ. "ಮೂರು ಅಂತಸ್ತಿನ ಹಿತ್ತಾಳೆ ಮಹಲು, ಮಹನೀಯರೇ, ನೆಲಮಾಳಿಗೆಯಲ್ಲಿ ಬಿಸಿ ಸಾಂಬಾರು!" ಎಲ್ಲರೂ ನಗುತ್ತಿದ್ದವರು ಒಮ್ಮೆಗೇ ನಿಲ್ಲಿಸಿದರು. ತಿರುಗಿದರೆ ಹಿಂದೆ ದೊರೆ. ಕೆಲಸ ಹೋಯಿತು ಎಂದುಕೊಂಡೆ. ಅವರು ಕಣ್ಣು ಮುಚ್ಚಿ ನಿಂತಿದ್ದರು.

"ಇನ್ನೊಮ್ಮೆ ಹೇಳು" ಎಂದರು.

ಹೇಳಿದೆ.

"ಅದು ನನ್ನ ದನಿಯಲ್ಲ" ಎಂದರು. "ನನ್ನ ತಂದೆಯದು. ನಾನು ಅವರನ್ನು ಅನುಕರಿಸುತ್ತೇನೆ. ನೀನು ನನ್ನನ್ನು ಅನುಕರಿಸುತ್ತಿದ್ದೀಯ. ಕಳ್ಳನ ಮನೆಗೆ ಕನ್ನ ಹಾಕಿದ್ದೀಯ, ಹುಡುಗ."

ಅಂದಿನಿಂದ ಊಟದ ಹೊತ್ತಿನಲ್ಲಿ ದೊರೆ ನನಗೆ ಅವರ ಊರು ಹೇಳತೊಡಗಿದರು. ಹ್ಯಾಲೋಬಿ ಅದರ ಹೆಸರು. ಇಂಗ್ಲೆಂಡಿನ ಸಣ್ಣ ಸಂತೆ ಊರು. ನಡುವೆ ಕಲ್ಲು ಹಾಸಿದ ಚೌಕ, ಚೌಕದಲ್ಲಿ ಕಲ್ಲಿನ ಶಿಲುಬೆ, ಅದರ ಮೆಟ್ಟಿಲ ಮೇಲೆ ಬೆಣ್ಣೆ ಮಾರುವ ಹೆಂಗಸರು. ಪ್ರತಿ ಮಂಗಳವಾರ ಸಂತೆ. ಗಂಟೆ ಬಾರಿಸುವವರೆಗೆ ಯಾರೂ ಒಂದು ಮೊಟ್ಟೆಯನ್ನೂ ಮಾರುವಂತಿಲ್ಲ. ಗಂಟೆಗೆ ಮೊದಲೇ ಮಾರಿದವಳು ಎಂದು ಪೆಗ್ ಎಂಬ ಬೆಣ್ಣೆಯಾಕೆಗೆ ಊರೆಲ್ಲ ಬೈಯುತ್ತಿತ್ತು, ಮೊದಲು ಕೊಳ್ಳಲು ಹೋಗುತ್ತಿದ್ದವರೂ ಅವರೇ. ಕುರಿಗಳನ್ನು ಕೂಡಿಹಾಕಿದ ಮರದ ದೊಡ್ಡಿಗಳ ಮೇಲೆ ಉದ್ದಕ್ಕೂ ಒಂದು ಹಲಗೆ. ದೊರೆಯ ತಂದೆ ಆ ಹಲಗೆಯ ಮೇಲೆ ನಡೆದುಕೊಂಡೇ ಹರಾಜು ಕೂಗುತ್ತಿದ್ದರಂತೆ, ಕೆಳಗೆ ಕುರಿ, ಮೇಲೆ ಮಳೆ.

ನಾನು ಕೇಳಿದೆ: "ಕೊಳ್ಳುವವರು ಸವಾಲು ಹೇಗೆ ಕೂಗುತ್ತಿದ್ದರು?"

"ಕೂಗುವುದೆ? ಛೆ. ಒಬ್ಬ ಟೋಪಿ ಮುಟ್ಟುತ್ತಿದ್ದ, ಒಬ್ಬ ಕಣ್ಣು ಮಿಟುಕಿಸುತ್ತಿದ್ದ. ಒಬ್ಬ ಮುದುಕ ಇದ್ದ, ಬಾಯಿಂದ ಪೈಪು ತೆಗೆದರೆ ಸವಾಲು, ಹಾಕಿಕೊಂಡರೆ ಸಾಕು ಎಂದು."

"ನಮ್ಮಲ್ಲಿ ದಲ್ಲಾಳಿಗಳು ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಹೇಳುತ್ತಾರೆ" ಎಂದೆ. ಅವರಿಗೆ ಅದು ಬಹಳ ಹಿಡಿಸಿತು. ಮುಷ್ಟಿ ಮುಂದಕ್ಕೆ ಚಾಚಿ, ಮೇಲೆ ಕರವಸ್ತ್ರ ಹೊದಿಸಿ, "ಬಾ, ನಿನ್ನ ಎತ್ತು ಎಷ್ಟಕ್ಕೆ?" ಎಂದರು.

ಇನ್ನೊಂದು ಪದ್ಧತಿ ಹೇಳಿದ್ದರು. ವ್ಯಾಪಾರ ಮುಗಿದ ಮೇಲೆ ಮಾರಿದವನು ಕೊಂಡವನ ಅಂಗೈಗೆ ಒಂದು ಕಾಸು ಒತ್ತಬೇಕು. ಅದೃಷ್ಟದ ಕಾಸು. ಅದು ಕೈಗೆ ಬೀಳದೆ ಒಯ್ದ ಕುರಿ ದಾರಿಯಲ್ಲೇ ಕುಂಟುತ್ತದೆ ಎಂದು ಅವರ ನಂಬಿಕೆ.

ಇದನ್ನೆಲ್ಲ ನಾನು ಸುಮ್ಮನೆ ಕೇಳಿಸಿಕೊಂಡು ಬಿಡುವವನೆ? ಸಂಜೆ ಹೋಟೆಲಿಗೆ ಬಂದು, ದೋಸೆ ಕಲ್ಲಿನ ಪಕ್ಕ ನಿಂತು ಅಪ್ಪಯ್ಯನಿಗೆ ಹ್ಯಾಲೋಬಿಯನ್ನು ಆಡಿ ತೋರಿಸುತ್ತಿದ್ದೆ. ಪೆಗ್ ಆಗುತ್ತಿದ್ದೆ, ಪೈಪಿನ ಮುದುಕ ಆಗುತ್ತಿದ್ದೆ, ಕುರಿಯೂ ಆಗುತ್ತಿದ್ದೆ. ಅಪ್ಪಯ್ಯ ನಗುವ ಮನುಷ್ಯರಲ್ಲ. ಹಿಟ್ಟು ಹೊಯ್ಯುತ್ತಾ ಕೇಳುತ್ತಿದ್ದರು. ಊರು ಬಿಟ್ಟು ಬಂದ ಮೇಲೆ ಅವರು ಸಂತೆಗೆ ಹೋದದ್ದೇ ಇಲ್ಲ, ಹೋಟೆಲಿಗೆ ರಜೆ ಎಂಬುದಿದ್ದರೆ ತಾನೆ. ಒಂದು ಮಂಗಳವಾರ ಅವರೇ ಕೇಳಿದರು:

"ಹ್ವಾಯ್ ಮಾಣಿ, ಆ ಬೆಣ್ಣಿ ಹೆಂಗ್ಸ್ ಈ ವಾರವೂ ಗಂಟಿಗಿಂತ ಮುಂಚೇ ಮಾರ್ತಾ?"

"ಮಾರ್ತ್ ಅಪ್ಪಯ್ಯ. ಸಿಕ್ಕಿ ಬಿತ್ತ್."

"ಬೀಳ್ಕೇ! ಮೇಲಿಂದ ಬೆಣ್ಣಿ, ಒಳ್ಗೆ ನೀರ್. ನಂಗೊತ್ತಿಲ್ಲ್ಯಾ ಈ ಜಾತಿಯವ್ರ್!" ಎಂದು ದೋಸೆಯನ್ನು ಒಂದೇ ಏಟಿಗೆ ಮಗುಚಿದರು.

ಹೀಗೆ ತ್ರಿಪ್ಲಿಕೇನಿನ ಹೋಟೆಲಿನ ಒಳಮನೆಯಲ್ಲಿ ವಾರವಾರವೂ ಇಂಗ್ಲೆಂಡಿನ ಸಂತೆ ನೆರೆಯತೊಡಗಿತು. ದೊರೆ ಹೇಳಿದ್ದು ಮುಗಿದ ವಾರ ನಾನೇ ಒಂದಿಷ್ಟು ಸೇರಿಸುತ್ತಿದ್ದೆ. ಮರುದಿನ ಅದನ್ನು ದೊರೆಗೆ ಹೇಳಿದರೆ ಅವರು ಯೋಚಿಸಿ, "ಹೌದು, ಹಾಗೆಯೇ ಆಗಿದ್ದಿರಬೇಕು" ಎನ್ನುತ್ತಿದ್ದರು.

ನಮ್ಮ ಖಾಯಂ ಗಿರಾಕಿಗಳ ಬಗ್ಗೆ ಹೇಳದಿದ್ದರೆ ಈ ಕಥನ ಅಪೂರ್ಣ. ನಮ್ಮ ಹೋಟೆಲಿನ ಯಜಮಾನರೇ ಒಮ್ಮೆ ಬಂದು ಯಾವುದೋ ಜಡ್ಜ್ ಸಾಹೇಬರ ಪಿಂಗಾಣಿ ಸ್ನಾನದ ತೊಟ್ಟಿ ಕೊಂಡರು. ಏನಕ್ಕೆ? ಇಡ್ಲಿಗೆ ಉದ್ದು ನೆನೆಹಾಕಲು. ಮೂರು ಸಲ ಹುಣಸೆ ಹಚ್ಚಿ ತೊಳೆಸಿದರು, ಆದರೂ ಅಪ್ಪಯ್ಯ ಒಂದು ವಾರ ಇಡ್ಲಿ ತಿನ್ನಲಿಲ್ಲ. ಇನ್ನೊಬ್ಬರು ಪೊನ್ನುಸಾಮಿ, ಹಳೆ ಮರದ ಸಾಮಾನಿನ ವ್ಯಾಪಾರಿ. ಉದ್ದ ಮೀಸೆ, ಗಿಡ್ಡ ಮಾತು. ಬಾಗಿಲು ತೆರೆದು ಒಳಗೆ ಮೂಗು ಹಾಕಿ ಮೂಸದೆ ಯಾವ ಬೀರುವನ್ನೂ ಕೊಂಡವರಲ್ಲ. ಈ ಮೂಗನ್ನು ನೆನಪಿಟ್ಟುಕೊಳ್ಳಿ.

ಅರವತ್ತರ ದಶಕ ಶುರುವಾದ ಮೇಲೆ ಬಿಳಿಯರ ಸಾಮಾನು ಕಡಿಮೆಯಾಯಿತು. ದೊರೆಯೂ ಹೊರಡುವ ಮಾತಾಡತೊಡಗಿದರು. ಮುದಲಿಯಾರರೊಡನೆ ಅವರ ಒಪ್ಪಂದ ಹೀಗಿತ್ತು: ಆ ಬೇಸಿಗೆಯ ಹರಾಜುಗಳನ್ನು ಮುಗಿಸಿಕೊಟ್ಟರೆ ಊರಿಗೆ ಹಡಗಿನ ಟಿಕೆಟ್ ಮುದಲಿಯಾರರದು. ನಡುವೆ ಬಿಟ್ಟರೆ ಇಲ್ಲ. ದೊರೆಯ ಬಳಿ ಸ್ವಂತ ದುಡ್ಡಿನಲ್ಲಿ ಹೋಗುವಷ್ಟು ಉಳಿದಿರಲಿಲ್ಲ. ಆ ಬೇಸಿಗೆ ದಾಟಿದರೆ ಹ್ಯಾಲೋಬಿ, ದಾಟದಿದ್ದರೆ ತಾಂಬರಂ.

ಆಗಲೇ ಅವರ ಗಂಟಲು ಕೈಕೊಟ್ಟಿತು. ಮೊದಲು ಕರಕರ, ಆಮೇಲೆ ಪಿಸುಪಿಸು, ಆಮೇಲೆ ಬರೀ ಗಾಳಿ. ದನಿಯ ತಂತಿಯಲ್ಲಿ ಗಂಟು ಕಟ್ಟಿದೆ, ತಿಂಗಳುಗಟ್ಟಲೆ ದನಿ ಎತ್ತಬಾರದು ಎಂದರು ಡಾಕ್ಟರು. ದೊರೆ ನನ್ನನ್ನು ಗೋದಾಮಿನ ಹಿಂದಕ್ಕೆ ಕರೆದು ಪಿಸುಗುಟ್ಟಿದರು: "ಮುದಲಿಯಾರಿಗೆ ಗೊತ್ತಾದರೆ ಮುಗಿಯಿತು."

"ಗೊತ್ತಾಗುವುದು ಹೇಗೆ?" ಎಂದೆ, ಅವರದೇ ದನಿಯಲ್ಲಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರಿಗೆ ನಗು ಬಂತು, ನಗಲು ದನಿ ಇರಲಿಲ್ಲ.

ಪೀಠದ ಹಿಂದೆ ಬರ್ಮಾ ತೇಗದ ದೊಡ್ಡ ಅಲಮಾರಿಯೊಂದು ನಿಂತಿತ್ತು, ಬಾಗಿಲುಗಳಿಗೆ ಗಾಳಿಯಾಡಲು ಓರೆಪಟ್ಟಿಗಳು. ಹರಾಜಿನ ದಿನ ಎಲ್ಲರಿಗಿಂತ ಮೊದಲು ಬಂದು ನಾನು ಅದರೊಳಗೆ ಕೂರುವುದು. ಪಟ್ಟಿಗಳ ಸಂದಿನಿಂದ ಸಭೆ ಕಾಣುತ್ತಿತ್ತು. ದೊರೆ ಬಾಯಾಡಿಸುವುದು, ಕೈ ತೋರುವುದು, ಸುತ್ತಿಗೆ ಹೊಡೆಯುವುದು. ದನಿ ನನ್ನದು, ಅಂದರೆ ಅವರದು, ಅಂದರೆ ಅವರ ತಂದೆಯದು. ಗುಮಾಸ್ತ ಎಲ್ಲಿ ಎಂದು ಮುದಲಿಯಾರ್ ಕೇಳಿದರೆ ಹೊಟ್ಟೆ ಕೆಟ್ಟಿದೆ ಎಂದು ಜವಾನ ಹೇಳುವುದು. ಆ ಬೇಸಿಗೆ ನನ್ನ ಹೊಟ್ಟೆ ಎಷ್ಟು ಸಲ ಕೆಟ್ಟಿತೆಂದರೆ ಮುದಲಿಯಾರರೇ ಓಮದ ನೀರು ತರಿಸಿಕೊಟ್ಟರು.

ಪ್ರಮಾದಗಳು ಆಗದೆ ಇರುತ್ತವೆಯೆ? ಒಮ್ಮೆ ದೊರೆ ನೀರು ಕುಡಿಯುತ್ತಿದ್ದಾಗ ನಾನು ಬೆಲೆ ಏರಿಸಿಬಿಟ್ಟೆ. ಮುಂದಿನ ಸಾಲಿನ ಒಬ್ಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆದರೆ ಮಹಾ ಪ್ರಮಾದ ಬೇರೆಯೇ. ಒಂದು ದಿನ ಕೂಲಿಗಳು ಸಾಮಾನು ಜೋಡಿಸುವಾಗ ನನ್ನ ಅಲಮಾರಿಗೂ ಒಂದು ನಂಬರ್ ಚೀಟಿ ಅಂಟಿಸಿಬಿಟ್ಟಿದ್ದರು. ಒಳಗೆ ಕೂತ ನನಗೇನು ಗೊತ್ತು? ದೊರೆ ಪಟ್ಟಿ ಓದಿ, ನಿಧಾನವಾಗಿ ತಿರುಗಿ, ನನ್ನತ್ತ ಕೈ ತೋರಿಸಿದರು. ಅವರ ಮುಖ ಸುಣ್ಣವಾಗಿತ್ತು.

ಹರಾಜಿನವನು ನಿಲ್ಲಿಸಬಾರದು, ಅದು ವೃತ್ತಿಧರ್ಮ. ಅಲಮಾರಿಯನ್ನು ಅಲಮಾರಿಯೊಳಗಿಂದಲೇ ಹೊಗಳಿದೆ. "ಬರ್ಮಾ ತೇಗ, ಮಹನೀಯರೇ! ಒಳಗೆ ವಿಶಾಲವಾಗಿದೆ, ಗಾಳಿ ಚೆನ್ನಾಗಿ ಆಡುತ್ತದೆ!" ಇದನ್ನು ಅಷ್ಟು ಖಚಿತವಾಗಿ ಹೇಳಬಲ್ಲವನು ಲೋಕದಲ್ಲಿ ನಾನೊಬ್ಬನೇ. ಅಷ್ಟರಲ್ಲಿ ಪೊನ್ನುಸಾಮಿ ಎದ್ದರು. ಮೂಗು ಮುಂದೆ, ಅವರು ಹಿಂದೆ. ಬಂದರು, ಬಾಗಿಲು ಸ್ವಲ್ಪವೇ ತೆರೆದರು, ಮೂಗು ತೂರಿಸಿದರು. ನನ್ನ ಮೂಗಿಗೆ ಅವರ ಮೂಗು ಒಂದು ಗೇಣು.

ಪೊನ್ನುಸಾಮಿ ರೆಪ್ಪೆ ಬಡಿಯಲಿಲ್ಲ. ಮೆಲ್ಲಗೆ ಕೇಳಿದರು: "ತಂಬಿ, ನೀಯುಂ ಸೇತ್ತಾ?" ತಮ್ಮಾ, ನೀನೂ ಸೇರಿಯೇ ಇದರ ಬೆಲೆ?

ನಾನು ಕೈ ಮುಗಿದೆ. ಅವರು ಪೀಠದ ಮೇಲೆ ಬೆವರುತ್ತಿದ್ದ ದೊರೆಯನ್ನು ನೋಡಿದರು, ಅವರ ಗಂಟಲಿಗೆ ಸುತ್ತಿದ ಮಫ್ಲರನ್ನು ನೋಡಿದರು, ಮದರಾಸಿನ ಚಿತ್ರೆ ತಿಂಗಳ ಉರಿಬಿಸಿಲಿನಲ್ಲಿ ಮಫ್ಲರ್! ಬಾಗಿಲು ಮುಚ್ಚಿದರು. ಸಭೆಯ ಕಡೆ ತಿರುಗಿ, "ಉಳ್ಳೆ ಪೂಚಿ ಇರುಕ್ಕು, ವೇಣಾಮ್" ಎಂದರು. ಒಳಗೆ ಹುಳ ಇದೆಯಂತೆ, ಬೇಡವಂತೆ. ಹುಳ ಎಂದ ಮೇಲೆ ಯಾರು ಕೇಳುತ್ತಾರೆ? ಅಲಮಾರಿ ಉಳಿಯಿತು, ದೊರೆ ಉಳಿದರು, ಹುಳ ಉಳಿಯಿತು. ಹೊರಗೆ ಸಿಕ್ಕಾಗಲೆಲ್ಲ ಪೊನ್ನುಸಾಮಿ ನನ್ನನ್ನು ಕರೆದದ್ದು ‘ಪೂಚಿ’ ಎಂದೇ.

ಬೇಸಿಗೆ ಮುಗಿಯಲು ಒಂದೇ ಹರಾಜು ಬಾಕಿ ಇದ್ದಾಗ ಮಿಸೆಸ್ ವುಡ್ ಬಂದರು. ಬೆಟ್ಟದ ಕಾಫಿ ತೋಟದವರು, ಸಾಮಾನು ಮಾರಲು ಬಂದಿದ್ದರು. ಆ ದಿನದ ಹರಾಜು ಮುಗಿದು ಸಭೆ ಕರಗಿತ್ತು. ದೊರೆ ಯಾಕೋ ಅವಸರದಿಂದ ಪೀಠ ಇಳಿದು ಬಾಯಿ ಮುಕ್ಕಳಿಸಲು ಹಿಂದಿನ ಕೋಣೆಗೆ ಹೋದರು. ನಾನು ಅಲಮಾರಿಯಿಂದ ಇಳಿದು ಬೆನ್ನು ನೀವಿಕೊಳ್ಳುತ್ತಿದ್ದೆ. ಆಕೆ ನೇರ ಬಂದು ಕೇಳಿದರು:

"ಹೊರಗೆ ಕೇಳಿಸಿತು, ಕೂಗಿದವರು ಯಾರು? ಅದು ಹ್ಯಾಲೋಬಿಯ ದನಿ. ನಾನು ಅಲ್ಲಿಯವಳು. ಮಂಗಳವಾರದ ದನಿ ಅದು!"

ದಿನವಿಡೀ ದೊರೆಯಾಗಿದ್ದ ಬಾಯಿ ತಡೆಯಲಿಲ್ಲ. "ಹೌದಮ್ಮ, ಪೆಗ್ ಇನ್ನೂ ಗಂಟೆಗೆ ಮೊದಲೇ ಬೆಣ್ಣೆ ಮಾರುತ್ತಾಳೆಯೆ?" ಎಂದುಬಿಟ್ಟೆ, ಅದೇ ದನಿಯಲ್ಲಿ.

ಆಕೆ ನನ್ನ ಕಪ್ಪು ಮುಖ ನೋಡಿದರು, ಪಂಚೆ ನೋಡಿದರು. ನಗಬೇಕೋ ಅಳಬೇಕೋ ತಿಳಿಯದೆ ಅಲ್ಲೇ ಇದ್ದ ಮರದ ಕುದುರೆಯ ಮೇಲೆ ಕೂತರು. ಆಮೇಲೆ ಹೇಳಿದರು. ಹೋದ ವರ್ಷ ನೋಡಿ ಬಂದಿದ್ದರಂತೆ. ಪೆಗ್ ಎಂದೋ ತೀರಿಕೊಂಡಳು. ಕುರಿ ದೊಡ್ಡಿಗಳು ಇಲ್ಲ, ಹಲಗೆ ಇಲ್ಲ. ಚೌಕದ ತುಂಬ ಮೋಟಾರು ಕಾರು ನಿಲ್ಲಿಸುತ್ತಾರೆ. ಸಂತೆಯ ಗಂಟೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಯಾರೂ ಮುಟ್ಟುವಂತಿಲ್ಲ. "ಮಂಗಳವಾರವೂ ಈಗ ಉಳಿದ ದಿನಗಳಂತೆ ಒಂದು ದಿನ, ಅಷ್ಟೇ" ಎಂದು ಎದ್ದು ಹೋದರು.

ದೊರೆ ಹೊರಬಂದು ಏನು ಎಂಬಂತೆ ಹುಬ್ಬು ಹಾರಿಸಿದರು. "ಸಾಮಾನಿನ ವಿಷಯ" ಎಂದೆ. ಯಾರ ದನಿಯಲ್ಲಿ ಹೇಳಿದೆನೋ ನೆನಪಿಲ್ಲ.

ಅಂದು ಮಂಗಳವಾರ. ಸಂಜೆ ಅಪ್ಪಯ್ಯ ಕೇಳಿದರು: "ಎಂತ ಮಾಣಿ, ಸಂತಿ ಹ್ಯಾಂಗಾಯ್ತ್?"

"ಈ ವಾರ ರಜೆ ಅಪ್ಪಯ್ಯ."

"ಸಂತಿಗ್ ರಜೆಯಾ? ಎಲ್ಲೂ ಕೇಂಡದ್ದೇ ಇಲ್ಲ್ಯೆ!" ಎಂದವರು ನನ್ನ ಮುಖ ನೋಡಿದರು. ಆ ದೋಸೆ ಸ್ವಲ್ಪ ಸೀದುಹೋಯಿತು.

ಕೊನೆಯ ಹರಾಜೂ ಮುಗಿಯಿತು. ಮುದಲಿಯಾರ್ ಮಾತಿಗೆ ತಪ್ಪಲಿಲ್ಲ. ದೊರೆಗೆ ಶಾಲು ಹೊದಿಸಿ, ಹಾರ ಹಾಕಿ, ಟಿಕೆಟ್ ಕೈಗಿತ್ತರು. "ಈ ವಯಸ್ಸಿನಲ್ಲೂ ಎಂಥ ಗಂಟಲು!" ಎಂದು ಸಭೆಯ ಮುಂದೆ ಹೊಗಳಿದರು. ಪೊನ್ನುಸಾಮಿ ಹಿಂದಿನ ಸಾಲಿನಲ್ಲಿ ಕೂತು ಮೀಸೆಯೊಳಗೇ ಕೆಮ್ಮಿದರು.

ಎಲ್ಲರೂ ಹೋದರು. ಗೋದಾಮು ಖಾಲಿ, ತಗಡಿನ ತೂತುಗಳಿಂದ ನಾಲ್ಕು ಗಂಟೆಯ ಬಿಸಿಲು ನೆಲಕ್ಕೆ ಕಾಸು ಕಾಸಾಗಿ ಬಿದ್ದಿತ್ತು. ಹಡಗು ಮರುದಿನ ಬೆಳಿಗ್ಗೆ. ದೊರೆ ಒಂದು ಮುಕ್ಕಾಲಿಯ ಮೇಲೆ ಕೂತು ಪಿಸುಗುಟ್ಟಿದರು: "ಒಂದು ಮಂಗಳವಾರ ಕೂಗು. ಪೂರ್ತಿ."

ಆ ಸಂತೆ ಈಗಿಲ್ಲ ಎಂದು ಹೇಳದೆ ಹೇಗೆ ಕೂಗಲಿ? ಹೇಳಿ ಹೇಗೆ ಕೂಗಲಿ? "ದೊರೆ, ಆ ವುಡ್ ಅಮ್ಮ..." ಎಂದೆ.

"ಕುದುರೆ ಜೀನು ಹೊಲಿಯುತ್ತಿದ್ದ ಮಿಲ್ನರನ ಮಗಳು" ಎಂದರು. "ಬಾಗಿಲಲ್ಲಿ ಕಂಡ ತಕ್ಷಣ ಗುರುತು ಸಿಕ್ಕಿತು. ಆಕೆ ಏನು ಹೇಳುತ್ತಾಳೆಂದು ಗೊತ್ತಿತ್ತು. ಅದಕ್ಕೇ ಬಾಯಿ ಮುಕ್ಕಳಿಸಲು ಹೋದೆ."

"ಆದರೂ ಹೋಗುತ್ತೀರಾ?"

"ಟಿಕೆಟ್ ಗೆದ್ದುಕೊಟ್ಟವನು ನೀನು, ಕೇಳುವವನೂ ನೀನೆ?" ಎಂದು ದನಿಯಿಲ್ಲದೆ ನಕ್ಕರು. ಆಮೇಲೆ ಹೇಳಿದರು: "ಹೋಗಿ ಆ ಕಲ್ಲಿನ ಮೆಟ್ಟಿಲ ಮೇಲೆ ಒಮ್ಮೆ ಕೂರಬೇಕು, ಹುಡುಗ. ಆದರೆ ಅಲ್ಲಿ ಕೂಗುವವರಿಲ್ಲ. ಇಲ್ಲೇ ಕೇಳಿಕೊಂಡು ಹೋಗುತ್ತೇನೆ. ಹತ್ತು."

ಉದ್ದನೆಯ ಬೆಂಚೊಂದಿತ್ತು. ಅದನ್ನೇ ಹಲಗೆ ಮಾಡಿಕೊಂಡು ಹತ್ತಿದೆ. ಗಂಟೆ ಬಾರಿಸಿದೆ, ನಾಲಿಗೆಯಲ್ಲೇ. ಪೆಗ್ ಅದಕ್ಕೆ ಮೊದಲೇ ಬೆಣ್ಣೆ ಮಾರಿ ಬೈಸಿಕೊಂಡಳು. ಮಳೆ ಬಂತು. ಕುರಿಗಳು ಒಂದನ್ನೊಂದು ನೂಕಿದವು. ಹಲಗೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಬೆಲೆ ಏರಿಸಿದೆ, ಟೋಪಿ ಮುಟ್ಟಿದವನಿಗೆ, ಕಣ್ಣು ಮಿಟುಕಿಸಿದವನಿಗೆ. ಆ ದಿನ ನಾನು ಅಲಮಾರಿಯೊಳಗಿರಲಿಲ್ಲ, ದನಿ ತಗಡಿಗೆ ಬಡಿದು ಗೋದಾಮಿನ ತುಂಬ ತಿರುಗಿತು. ಕೊನೆಯ ದೊಡ್ಡಿಗೆ ಬಂದಾಗ ದೊರೆ ಜೇಬಿನಿಂದ ಖಾಲಿ ಪೈಪು ತೆಗೆದು ಬಾಯಿಗಿಟ್ಟಿದ್ದರು. ನನ್ನನ್ನೇ ನೋಡುತ್ತಾ ಅದನ್ನು ಬಾಯಿಂದ ತೆಗೆದರು.

ಸವಾಲು.

"ಗೋಯಿಂಗ್" ಎಂದೆ, ಒಂದು ಸಾರಿ. ಪೈಪು ಕೈಯಲ್ಲೇ ಇತ್ತು. "ಗೋಯಿಂಗ್" ಎಂದೆ, ಎರಡು ಸಾರಿ. ಯಾರೂ ಬೆಲೆ ಏರಿಸಲಿಲ್ಲ. ಸುತ್ತಿಗೆ ಬಿತ್ತು.

ಅವರು ಎದ್ದು ಬಂದು ಅಂಗೈ ಚಾಚಿದರು. ನನಗೆ ತಡವಾಗಿ ಹೊಳೆಯಿತು. ಮಾರಿದವನು ನಾನಲ್ಲವೆ? ಜೇಬು ತಡಕಿದೆ. ಬಸ್ಸಿಗೆಂದು ಇಟ್ಟುಕೊಂಡ ಒಂದು ನಾಣ್ಯವಿತ್ತು. ಅದನ್ನೇ ಅವರ ಅಂಗೈಗೆ ಒತ್ತಿದೆ. ಅವರು ಬೆರಳು ಮಡಿಚಿಕೊಂಡು, ಶಾಲು ಹೆಗಲಿಗೆ ಹಾಕಿಕೊಂಡು, ತಾಂಬರಂ ರೈಲಿಗೆ ಹೋದರು.

ನಾನು ನಡೆದೇ ತ್ರಿಪ್ಲಿಕೇನಿಗೆ ಬಂದೆ. ಅಪ್ಪಯ್ಯ ಕಲ್ಲಿಗೆ ನೀರು ಚಿಮುಕಿಸುತ್ತಿದ್ದರು. ನನ್ನ ಧೂಳು ಕಾಲು ನೋಡಿದರು.

"ಎಂತದಾ, ನಡ್ಕಂಡ್ ಬಂದ್ಯಾ? ಬಸ್ಸಿಗ್ ದುಡ್ಡ್ ಇತ್ತಲ್ದಾ?"

"ಕುರಿ ಮಾರ್ದೆ ಅಪ್ಪಯ್ಯ."

"ಯಾರ್ ಕುರಿ?"

"ಹ್ಯಾಲೋಬಿದ್."

ಅಪ್ಪಯ್ಯ ಹಿಟ್ಟು ಹೊಯ್ದರು, ಸೌಟಿನ ಬೆನ್ನಿನಿಂದ ನಿಧಾನವಾಗಿ ಸುತ್ತಿದರು. ದೋಸೆಯ ಅಂಚು ಎದ್ದಿತು. ಆಮೇಲೆ, ಕಲ್ಲಿನಿಂದ ಕಣ್ಣು ತೆಗೆಯದೆ ಕೇಳಿದರು:

"ಕ್ರಯ ಒಳ್ಳೇದ್ ಬಂತಾ ಮಾಣಿ?"